ಎಣ್ಣೆನೀರ ಕಾಲುವೆಯ ದೋನ್ ಚೆಂಚೋ

ದೋನ್ ಚೆಂಚೋ ಅವರ ಮೂಗಿನ ಬಗ್ಗೆ ನಮ್ಮ ಕಡೆ ಯಾರನ್ನು ಕೇಳಿದರೂ ಒಂದು ಕಥೆ ಸಿಗುತ್ತಿತ್ತು. ನನ್ನ ಹತ್ತಿರವಂತೂ ಹತ್ತಾರು ಇದ್ದವು. ಆರನೇ ತೂಬಿನ ಹತ್ತಿರ ಯಾರೋ ಡೀಸೆಲ್ ಚೆಲ್ಲಿದ್ದನ್ನು ಅರ್ಧ ಮೈಲಿ ಆಚೆಯೇ ಪಿಕಪ್ ನಿಲ್ಲಿಸಿ ಹೇಳಿದ್ದರು. ಎಣ್ಣೆಬಾವಿ ಕಂಪನಿಯ ಲೈಲ್ ಒಂದು ಸಲ ಮೂರು ಲೋಟ ನೀರಿಟ್ಟು, ಒಂದಕ್ಕೆ ಮಾತ್ರ ಕಡ್ಡಿಯ ತುದಿಯಷ್ಟು ಎಣ್ಣೆ ತಾಗಿಸಿ, ಅವರ ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷೆ ಮಾಡಿದ. ಮೂರು ಸಲ ಮಾಡಿದ. ಮೂರು ಸಲವೂ ಅವರು ಆ ಲೋಟವನ್ನೇ ಪಕ್ಕಕ್ಕೆ ತಳ್ಳಿದರು.

"ಲೇ ಚೆಂಚೋ, ನೀನು ಮನುಷ್ಯನೋ ಬೇಟೆನಾಯಿಯೋ?" ಅಂದ ಲೈಲ್.

"ನಾಯೀನೇ ಕಣಪ್ಪ. ಅದಕ್ಕೇ ನಿಮ್ಮ ಕಂಪನಿ ಗೇಟು ಕಂಡಾಗೆಲ್ಲ ಕಾಲೆತ್ತಬೇಕು ಅನ್ಸುತ್ತೆ."

ಈ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಕಾಲುವೆಯಲ್ಲಿ ಎಣ್ಣೆ ಬಂದರೆ ಕೂಗಬೇಕಾದ ಮೀಟರ್ ಕೆಟ್ಟು ಎಂಟು ತಿಂಗಳಾಯಿತು, ಯಾಕಮ್ಮ ರಿಪೇರಿ ಮಾಡಿಸಿಲ್ಲ ಅಂತ ಒಬ್ಬ ಎಂಜಿನಿಯರ್ ಕೇಳಿದಾಗಲೂ ಇದೇ ಕಥೆ ಹೇಳಿದೆ. "ಮೀಟರ್ ಯಾಕೆ ಸರ್, ನಮ್ಮ ಹತ್ರ ದೋನ್ ಚೆಂಚೋ ಇದ್ದಾರಲ್ಲ" ಅಂದೆ. ಆತ ನಕ್ಕು ಹೋದ. ನಾನೂ ನಕ್ಕೆ.

ನಾನು ಯಾದಿರಾ. ನೀರಾವರಿ ಆಫೀಸಿನಲ್ಲಿ ಫೋನ್ ಎತ್ತುವವಳು. ಯಾರಿಗೆ ನಾಳೆ ನೀರು ಬೇಕೋ ಅವರು ಇವತ್ತು ಮಧ್ಯಾಹ್ನದೊಳಗೆ ನನಗೆ ಹೇಳಬೇಕು, ನಾನು ಬರೆದು ನೀರುಗಂಟಿಗೆ ಕೊಡಬೇಕು, ಅವರು ಹೋಗಿ ತೂಬು ತೆಗೆಯಬೇಕು. ನಮ್ಮ ನೀರುಗಂಟಿ ಕ್ರೆಸೆನ್ಸಿಯೋ ಬಾರ್ರಗಾನ್. ಊರಿಗೆಲ್ಲ ದೋನ್ ಚೆಂಚೋ; ಹಿರಿಯರ ಹೆಸರಿನ ಮುಂದೆ ದೋನ್, ಹೆಂಗಸರಾದರೆ ದೋನ್ಯಾ ಸೇರಿಸಿ ಕರೆಯುವುದು ನಮ್ಮ ರೂಢಿ.

ಬೇಕರ್ಸ್‌ಫೀಲ್ಡಿನ ಈ ಮಗ್ಗುಲಲ್ಲಿ ನೀರು ಅಂದರೆ ಅರ್ಧ ಎಣ್ಣೆಬಾವಿಯದೇ. ಒಂದು ಪೀಪಾಯಿ ಎಣ್ಣೆ ಎತ್ತಿದರೆ ಅದರ ಜೊತೆ ಎಂಟು ಹತ್ತು ಪೀಪಾಯಿ ನೀರು ಬರುತ್ತದೆ, ಕೊಳಕು ನೀರು. ಅದನ್ನು ದೊಡ್ಡ ತೊಟ್ಟಿಗಳಲ್ಲಿ ನಿಲ್ಲಿಸಿ ಮೇಲೆ ತೇಲಿದ ಎಣ್ಣೆ ತೆಗೆಯುತ್ತಾರೆ. ಉಳಿದದ್ದನ್ನು ಪುಡಿ ಮಾಡಿದ ಅಕ್ರೋಟು ಚಿಪ್ಪು ತುಂಬಿದ ಡ್ರಮ್ಮುಗಳ ಮೂಲಕ ನುಗ್ಗಿಸುತ್ತಾರೆ. ಆ ಚಿಪ್ಪಿಗೆ ಎಣ್ಣೆ ಅಂಟಿಕೊಳ್ಳುತ್ತದೆ, ನೀರು ಆಚೆ ಹೋಗುತ್ತದೆ. ಅದಕ್ಕೆ ಬಾವಿ ನೀರು ಬೆರೆಸಿ ಕಾಲುವೆಗೆ ಬಿಟ್ಟರೆ ಕಿತ್ತಳೆಗೂ ಬಾದಾಮಿಗೂ ಅದೇ ನೀರು. ಹೊರಗಿನವರು ಕೇಳಿದರೆ ಮುಖ ಕಿವುಚುತ್ತಾರೆ. ನಾವು ಆ ಹಣ್ಣು ತಿಂದೇ ಬೆಳೆದವರು. ಚಿಪ್ಪು ತನ್ನ ಕೆಲಸ ಮಾಡಬೇಕು, ಯಾರಾದರೂ ಒಬ್ಬರು ಕಾಯುತ್ತಿರಬೇಕು, ಅಷ್ಟೇ.

ಕಾಯುತ್ತಿದ್ದವರು ಇವರು, ಇಪ್ಪತ್ತೇಳು ವರ್ಷ. ಗಡಿಯಾಚೆಯ ಮಿಚೋಆಕಾನ್ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ಬಂದು ಮೊದಲು ಹಣ್ಣು ಕಿತ್ತರು, ಆಮೇಲೆ ಹನ್ನೊಂದು ವರ್ಷ ಎಣ್ಣೆಬಾವಿಗಳಲ್ಲಿ ಪೈಪಿಗೆ ಗುಂಡಿ ತೋಡಿದರು. ಎಣ್ಣೆಯ ವಾಸನೆ ಕಲಿತದ್ದು ಅಲ್ಲೇ. ಕುಳ್ಳಗಿನ ಆಳು, ಬೆವರಿನ ಬಿಳಿ ಗೆರೆ ಬಿದ್ದ ಟೋಪಿ, ಸೊಂಟದಲ್ಲಿ ತೂಬಿನ ಬೀಗದ ಕೈಗಳ ಗೊಂಚಲು. ತೂಬಿನ ಮುಂದೆ ಮಂಡಿಯೂರಿ ಬೊಗಸೆಯಲ್ಲಿ ನೀರೆತ್ತಿ ಮೂಸುತ್ತಿದ್ದರು, ಆಮೇಲೆ ಒಂದು ಹನಿ ನಾಲಿಗೆಗೆ. ಮೂಗು ಎಣ್ಣೆಗೆ, ನಾಲಿಗೆ ಉಪ್ಪಿಗೆ. ಆಮೇಲೆ ಉಗಿದು ಬೀಗ ತೆಗೆಯುವುದು. ಲ್ಯಾಬಿಗೂ ನೀರು ಕಳಿಸುತ್ತಿದ್ದೆವು, ಆದರೆ ಲ್ಯಾಬಿನ ಕಾಗದ ಬರುವ ಹೊತ್ತಿಗೆ ಆ ನೀರು ಹಣ್ಣಿನೊಳಗೆ ಸೇರಿರುತ್ತಿತ್ತು.

ಊರಿಗೆಲ್ಲ ಜ್ವರ ಬಂದ ಆ ಚಳಿಗಾಲ ಅವರ ಮನೆಗೂ ಬಂತು. ಹೆಂಡತಿ ಅಂಪಾರೊ ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ. ಅವರೊಬ್ಬರೇ ಬಂದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಆಫೀಸಿನಲ್ಲಿ ಇನ್ನೂ ಯಾರೂ ಇರಲಿಲ್ಲ, ಬಾಯಿ ಕಟ್ಟಿದ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮೇಜಿನ ಮೇಲೆ ಇಟ್ಟರು. ಒಳಗೆ ಅಂಪಾರೊ ಅವರ ನೀಲಿ ಶಾಲು.

"ಮಗಳೇ, ಇದನ್ನ ಸ್ವಲ್ಪ ಮೂಸಿ ನೋಡ್ತೀಯಾ?"

"ಯಾಕೆ, ಏನಾಯ್ತು?"

"ಮೂಸು. ಬೇಗ ಕಟ್ಟಿಬಿಡು, ಹೋಗಿಬಿಡುತ್ತೆ."

ಮೂಸಿದೆ. "ಸೋಪು. ದಾಲ್ಚಿನ್ನಿ. ಅಡುಗೆಮನೆ ಥರ ಇದೆ."

ಅವರು ಚೀಲದ ಬಾಯಿಗೆ ಮತ್ತೆ ಗಂಟು ಹಾಕಿದರು. "ಹಂಗಾದ್ರೆ ಅದು ಇದೆ. ಹೋಗಿರೋದು ನನ್ನದು."

ಜ್ವರ ಬಿಟ್ಟಾಗಿನಿಂದ ಏನೂ ವಾಸನೆ ಬರುತ್ತಿಲ್ಲವಂತೆ. ಕಾಫಿ ಇಲ್ಲ, ಡೀಸೆಲ್ ಇಲ್ಲ, ಸತ್ತ ನಾಯಿ ಇಲ್ಲ. ಎರಡು ತಿಂಗಳಿಂದ ತೂಬಿನ ಮುಂದೆ ಬರೀ ಮಂಡಿಯೂರಿ ಎದ್ದು ಬರುತ್ತಿದ್ದರಂತೆ. ನಾಲಿಗೆಗೆ ಉಪ್ಪು ಮಾತ್ರ ತಿಳಿಯುತ್ತದೆ.

"ಸಾಹೇಬರಿಗೆ ಹೇಳಲೇಬೇಕಲ್ವಾ ದೋನ್ ಚೆಂಚೋ?"

"ಹೇಳಿದ್ರೆ ಬೀಗದ ಕೈ ಕಿತ್ಕೋತಾರೆ. ಮೂಗಿಲ್ಲದ ನೀರುಗಂಟಿ ಯಾರಿಗೆ ಬೇಕು? ಆಮೇಲೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗ್ಲಿ? ಆ ಮನೇಲಿ ಕೂತು ಯಾರ ಮುಖ ನೋಡ್ಲಿ?"

ಅವತ್ತು ನಾನು ಹೇಳಬೇಕಾಗಿದ್ದ ಮಾತು ಒಂದೇ: ಮೀಟರ್ ರಿಪೇರಿ ಮಾಡಿಸೋಣ. ಹೇಳಲಿಲ್ಲ. ಇಷ್ಟು ದಿನ ಬೇಡ ಅಂದವರು ಈಗ ಯಾಕೆ ಬೇಕು ಅನ್ನುತ್ತೀರಿ ಅಂತ ಕೇಳಿದರೆ ಏನು ಉತ್ತರ ಕೊಡುವುದು? ಅದರ ಬದಲು, "ನಾನು ಬರ್ತೀನಿ ಬೆಳಿಗ್ಗೆ. ನಾನು ಮೂಸ್ತೀನಿ, ನೀವು ತೂಬು ತೆಗೀರಿ" ಅಂದುಬಿಟ್ಟೆ. ನಿಜ ಹೇಳಬೇಕೆಂದರೆ ಖುಷಿಯೂ ಆಗಿತ್ತು. ದೋನ್ ಚೆಂಚೋ ಅವರ ಮೂಗು ನಾನು!

ಹತ್ತು ತಿಂಗಳು ಹಾಗೇ ನಡೆಯಿತು. ಬೆಳಿಗ್ಗೆ ಆರಕ್ಕೆ ಅವರ ಪಿಕಪ್ ನಮ್ಮ ಮನೆ ಮುಂದೆ ಬರುತ್ತಿತ್ತು, ಹುರುಳಿಕಾಯಿ ಬಣ್ಣದ ಹಳೇ ಗಾಡಿ. ದಾರಿಯಲ್ಲಿ ಪಾಠ. "ಎಣ್ಣೆ ಅಂದ್ರೆ ಒಂದೇ ವಾಸನೆ ಅಲ್ಲ ಕಣೇ. ಹಳೇದು ಟಾರಿನ ಥರ. ಹೊಸದು ಕೊಳೆತ ಮೊಟ್ಟೆ ಬೆರೆತ ಸೀಮೆಎಣ್ಣೆ. ಅದು ಗಂಟಲಲ್ಲಿ ಕೂರುತ್ತೆ." ನಾನು ಬೊಗಸೆಯಲ್ಲಿ ನೀರೆತ್ತುತ್ತಿದ್ದೆ, ಅವರು ನನ್ನ ಮುಖ ನೋಡುತ್ತಿದ್ದರು. "ಚೆನ್ನಾಗಿದೆ" ಅಂದರೆ ತಾವೂ ಒಂದು ಹನಿ ನಾಲಿಗೆಗಿಟ್ಟು ಬೀಗ ತೆಗೆಯುವುದು. ಜೊತೆಗೆ ಒಂದು ಬಿಳಿ ಪಿಂಗಾಣಿ ತಟ್ಟೆ ಇಟ್ಟುಕೊಂಡಿದ್ದರು. ಅದನ್ನು ನೀರಿನಲ್ಲಿ ಅದ್ದಿ ಬಿಸಿಲಿಗೆ ಹಿಡಿದರೆ ಎಣ್ಣೆಯ ಪೊರೆ ಇದ್ದರೆ ಬಣ್ಣಬಣ್ಣವಾಗಿ ಕಾಣುತ್ತದೆ. ಎರಡು ಸಲ ಎಣ್ಣೆ ಬಂದದ್ದನ್ನು ನಾನೇ ಮೂಸಿ ಹಿಡಿದೆ, ಲೈಲ್‌ಗೆ ಫೋನ್ ಮಾಡಿ ಅವರು ಬೈದರು, ಆತ ನೀರು ನಿಲ್ಲಿಸಿದ. "ನಿನ್ನ ಮೂಗಿಗೆ ಬೆಂಕಿ ಬೀಳ" ಅಂದನಂತೆ ಆ ಕಡೆಯಿಂದ. ಇಬ್ಬರೂ ಒಬ್ಬರ ಕಡೆ ಒಬ್ಬರು ನೋಡದೆ ನಕ್ಕಿದ್ದೆವು, ಪಿಕಪ್ಪಿನೊಳಗೆ.

ಏಪ್ರಿಲ್‌ನಲ್ಲಿ ಕಿತ್ತಳೆ ಹೂ ಬಿಟ್ಟಾಗ ಕಿಟಕಿ ಇಳಿಸಿ ಕೇಳುತ್ತಿದ್ದರು. "ಬಂತಾ?" "ಬಂತು." "ಹೆಂಗಿದೆ ಹೇಳು." ನಾನು ನನಗೆ ತೋಚಿದಂತೆ ಹೇಳುತ್ತಿದ್ದೆ. ಮದುವೆ ಮನೆ ಥರ, ಈಗ ತಾನೆ ಸ್ನಾನ ಮಾಡಿದ ಮಗು ಥರ. "ಸುಳ್ಳಿ, ಇದನ್ನ ನಿನ್ನೆಯೂ ಹೇಳಿದ್ದೆ, ಬೇರೆ ಹೇಳು" ಅನ್ನುತ್ತಿದ್ದರು.

ಜನವರಿಯಲ್ಲಿ ಆ ಚಳಿ ಬಂತು. ಹಣ್ಣಿನೊಳಗಿನ ರಸ ಗಟ್ಟಿಯಾಗಿ ಸಿಪ್ಪೆ ಒಡೆಯುವ ಚಳಿ. ಅಂಥ ದಿನ ನಮ್ಮವರಿಗೆ ಎಣ್ಣೆಬಾವಿಯ ನೀರೇ ಬೇಕು, ಏಕೆಂದರೆ ಅದು ನೆಲದೊಳಗಿಂದ ಕುದಿಯುತ್ತ ಬಂದದ್ದು, ಕಾಲುವೆಗೆ ಬಂದರೂ ಬೆಚ್ಚಗಿರುತ್ತದೆ. ಕತ್ತಲಾಗುವ ಮೊದಲು ಅದನ್ನು ಮರಗಳ ಸಾಲಿನಲ್ಲಿ ಹರಿಸಿದರೆ ಬೆಳಗಿನವರೆಗೆ ಕಾವು ಉಳಿದು ಹಣ್ಣು ಬದುಕುತ್ತದೆ. ಅಂಥ ದಿನಕ್ಕೆ ಹಿಂದಿನ ದಿನವೇ ಹೇಳಬೇಕೆಂಬ ಕಟ್ಟಳೆಯೂ ಇಲ್ಲ, ಅವತ್ತು ಬೆಳಗಿನಿಂದ ನನ್ನ ಮೇಜಿನ ಎರಡೂ ಫೋನು ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ಹನ್ನೊಂದಕ್ಕೆ ಒತಿಲಿಯಾ ಲೆದೆಸ್ಮಾ ಮಾಡಿದರು.

"ಯಾದಿರಾ, ನನಗೆ ಬಾವಿ ನೀರು ಬೆರೆಸಿ ತಣ್ಣಗೆ ಮಾಡಿ ಕಳಿಸ್ಬೇಡ ಕಣೇ. ಬರೀ ಎಣ್ಣೆನೀರು ಕಳಿಸು. ನನ್ನ ಕಿತ್ತಳೆಗೆ ಬಿಸಿನೀರ ಸ್ನಾನ ಆಗಬೇಕು."

"ಎಲ್ಲರೂ ಅದನ್ನೇ ಕೇಳ್ತಿದಾರೆ ದೋನ್ಯಾ ಒತಿಲಿಯಾ."

"ಎಲ್ಲರಿಗೂ ನಿಮ್ಮ ನೀರುಗಂಟಿ ಕೊಂಪಾದ್ರೆನಾ? ನನಗೆ ಮೊದಲು ತೆಗೀಬೇಕು ಅಂತ ಹೇಳು. ಇಲ್ಲಾಂದ್ರೆ ಕ್ರಿಸ್ಮಸ್‌ಗೆ ತಿಂದ ತಮಾಲೆ ಕಡುಬೆಲ್ಲ ವಾಪಸ್ ಕೊಡೋಕೆ ಹೇಳು."

ಒತಿಲಿಯಾಗೆ ಎಂಟು ಎಕರೆ ಕಿತ್ತಳೆ. ಗಂಡ ಹೋದ ಮೇಲೆ ಒಬ್ಬರೇ ನಿಂತು ಬೆಳೆಸಿದ್ದು. ಅವರ ಮಗಳಿಗೆ ಚರ್ಚಿನಲ್ಲಿ ತಲೆಗೆ ನೀರು ಹೊಯ್ಯುವಾಗ ಮಗುವನ್ನು ಎತ್ತಿಕೊಂಡು ನಿಂತವರು ದೋನ್ ಚೆಂಚೋ. ಅಂದಿನಿಂದ ಇಪ್ಪತ್ತಾರು ವರ್ಷ ಅವರು ಇವರನ್ನು ಕೊಂಪಾದ್ರೆ ಅಂತಲೇ, ಇವರು ಅವರನ್ನು ಕೊಮಾದ್ರೆ ಅಂತಲೇ ಕರೆದದ್ದು, ಹೆಸರು ಹಿಡಿದದ್ದಿಲ್ಲ. ನಮ್ಮಲ್ಲಿ ಅದು ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಒಡಹುಟ್ಟಿದವರು ತಾವಾಗಿ ಸಿಗುತ್ತಾರೆ, ಇದು ಆರಿಸಿಕೊಂಡದ್ದು.

ಸಂಜೆ ನಾಲ್ಕೂಕಾಲಿಗೆ ದೋನ್ ಚೆಂಚೋ ಫೋನ್ ಮಾಡಿದರು. ತಮ್ಮ ಕೊಮಾದ್ರೆಯ ತೂಬಿನ ಹತ್ತಿರ ಇದ್ದರು.

"ಐದಕ್ಕೆ ಬರ್ತೀನಿ. ನಾನು ಬರೋವರೆಗೆ ತೆಗೀಬೇಡಿ" ಅಂದೆ.

"ಐದಕ್ಕೆ ಸೂರ್ಯ ಇರಲ್ಲ ಮಗಳೇ. ಅವಳ ಕೆಳಗಿನ ಸಾಲಿಗೆ ನೀರು ಮುಟ್ಟೋಕೆ ಮೂರು ಗಂಟೆ ಬೇಕು. ಈಗ ತೆಗೆದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

"ಸ್ವಲ್ಪ ತಡೀರಿ ದೋನ್ ಚೆಂಚೋ, ಯಾರಿಗಾದ್ರೂ ಫೋನ್ ಕೊಟ್ಟು…"

"ತಟ್ಟೆ ಇದೆ ನನ್ನ ಹತ್ರ."

ಇನ್ನೊಂದು ಫೋನ್ ಬಡಿದುಕೊಳ್ಳುತ್ತಿತ್ತು. ಅದನ್ನು ಎತ್ತಿದೆ.

ಅಲ್ಲಿ ಆದದ್ದನ್ನು ಅವರೇ ಆಮೇಲೆ ಹೇಳಿದರು. ಹೊರಗೆ ಅಷ್ಟು ಚಳಿ, ಕಾಲುವೆಯಲ್ಲಿ ಬೆಚ್ಚನೆ ನೀರು. ಇಡೀ ಕಾಲುವೆ ಹಂಡೆಯ ಹಾಗೆ ಹಬೆಯಾಡುತ್ತಿತ್ತು. ನೀರಿನ ಮುಖವೇ ಕಾಣಲಿಲ್ಲ. ತಟ್ಟೆ ಅದ್ದಿ ಎತ್ತಿದರು. ಆ ಹಬೆಯೊಳಗೆ ಬಿಸಿಲು ಇಳಿಯಲಿಲ್ಲ. ಟಾರ್ಚು ಹಾಕಿದರೆ ಬೆಳಕು ಹಬೆಗೇ ಬಡಿದು ಕಣ್ಣಿಗೆ ಬಂತು. ತಟ್ಟೆಯ ಮೇಲೂ ಹಬೆ ಕೂತು ಬೆಳ್ಳಗೆ. ತೋಳಿನಿಂದ ಒರೆಸಿದರು, ಮತ್ತೆ ಅದ್ದಿದರು, ಮತ್ತೆ ಬೆಳ್ಳಗೆ. ನಾಲಿಗೆಗೆ ಇಟ್ಟುಕೊಂಡರು, ಉಪ್ಪು ಎಂದಿನಂತೆಯೇ ಇತ್ತು. ಅಭ್ಯಾಸಕ್ಕೆ ಒಂದು ಸಲ ಮೂಸಿದರಂತೆ ಕೂಡ. ಬಿಟ್ಟರೆ ಎಣ್ಣೆ ಬಂದರೂ ಬರಬಹುದು, ಬಿಡದಿದ್ದರೆ ಹಣ್ಣು ಹೋಗುವುದು ಖಂಡಿತ. ಬೀಗ ತೆಗೆದರು.

ಬೆಳಿಗ್ಗೆ ಏಳಕ್ಕೆ ಒತಿಲಿಯಾ ಫೋನ್ ಮಾಡಿದರು. ಕೂಗಲಿಲ್ಲ. ಅದಕ್ಕೇ ನನಗೆ ಭಯವಾಯಿತು.

"ನನ್ನ ಕೊಂಪಾದ್ರೆ ಎಲ್ಲಿದ್ರೂ ತೋಟಕ್ಕೆ ಬರೋಕೆ ಹೇಳು. ನೀನೂ ಬಾ."

ಹಣ್ಣಿಗೆ ಚಳಿ ತಾಕಿರಲಿಲ್ಲ. ಒಂದಕ್ಕೂ ತಾಕಿರಲಿಲ್ಲ. ಎಲೆಗಳ ನಡುವೆ ಹೊಳೆಯುತ್ತ ನಿಂತಿದ್ದವು. ಕೆಳಗೆ ಪ್ರತಿ ಮರದ ಬುಡಕ್ಕೂ ಗೇಣಗಲ ಕರೀ ಉಂಗುರ. ಸಾಲುಗಳಲ್ಲಿ ನಿಂತ ನೀರಿನ ಮೇಲೆ ನವಿಲುಗರಿಯ ಬಣ್ಣ. ನೆಲಕ್ಕೆ ತಾಗುವ ಕೊಂಬೆಗಳ ಹಣ್ಣಿಗೆ ಜಿಡ್ಡು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನನಗೆ ತೋಳಿನಲ್ಲಿ ಮೂಗು ಮುಚ್ಚಿಕೊಳ್ಳಬೇಕಾಯಿತು. ಗಂಟಲಲ್ಲಿ ಕೂತಿತು, ಅವರು ಹೇಳಿದ್ದ ಹಾಗೇ.

ದೋನ್ ಚೆಂಚೋ ಆ ವಾಸನೆಯ ನಡುವೆ ಆರಾಮಾಗಿ ಉಸಿರಾಡುತ್ತ ನಿಂತಿದ್ದರು. ಎಷ್ಟು ಕೆಟ್ಟದಾಗಿದೆ ಎಂದು ತಿಳಿಯಲು ನನ್ನ ಮುಖ ನೋಡಿದರು. ತಿಳಿಯಿತು.

"ಕಂಪನಿ ನನ್ಮಕ್ಕಳು ಕದ್ದುಮುಚ್ಚಿ ಎಣ್ಣೆ ಬಿಟ್ಟಿದಾರೆ" ಅಂದರು ಒತಿಲಿಯಾ. "ನೀವು ತೂಬು ತೆಗೆದು ಹೋದ ಮೇಲೆ ಬಿಟ್ಟಿದಾರೆ ಕೊಂಪಾದ್ರೆ. ನೀವಿದ್ದಾಗ ಬಂದಿದ್ರೆ ನಿಮ್ಮ ಮೂಗಿಗೆ ತಪ್ತಿತ್ತಾ?"

ಅವರು ತಿರುಗಿ ಪಿಕಪ್ಪಿನ ಕಡೆ ನಡೆದರು. ನಾನು ನನ್ನ ಬೂಟು ನೋಡಿಕೊಂಡೆ.

ಲೈಲ್ ಒಂಬತ್ತಕ್ಕೆ ಬಂದ. ಎಣ್ಣೆಬಾವಿಯ ಮೂರನೇ ತಲೆಮಾರು ಅವನು, ಎತ್ತರದ ಆಳು. ಅವತ್ತು ಕುಗ್ಗಿಹೋಗಿದ್ದ. ಒತಿಲಿಯಾ ಹತ್ತಿರ ಹೋಗಲಿಲ್ಲ, ಪಿಕಪ್ಪಿಗೆ ಒರಗಿ ನಿಂತಿದ್ದ ಇವರ ಹತ್ತಿರ ಬಂದ.

"ಎರಡು ಡ್ರಮ್ಮಿಗೆ ಚಿಪ್ಪು ಬದಲಾಯಿಸ್ತಿದ್ವಿ ಕಣೋ ಮಧ್ಯಾಹ್ನ. ಮೂರನೇದು ಒಂದೇ ಎಳೀತಿತ್ತು. ಎಣ್ಣೆ ಜಾರುತ್ತೆ ಅಂತ ಅನುಮಾನ ಇತ್ತು. ಫೋನ್ ಮಾಡೋಣ ಅಂತ ಕೈಗೂ ತಗೊಂಡೆ. ಆಮೇಲೆ, ಯಾಕೆ, ಚೆಂಚೋ ಇದ್ದಾನಲ್ಲ, ಹತ್ತು ನಿಮಿಷದಲ್ಲಿ ಅವನೇ ಬೈಯೋಕೆ ಮಾಡ್ತಾನೆ ಅಂತ ಕಾದೆ." ಅವನು ತೋಟದ ಕಡೆ ನೋಡಿದ. "ನೀನು ಮಾಡ್ಲಿಲ್ಲ. ನೀನು ಮಾಡ್ಲಿಲ್ಲ ಅಂದ್ರೆ ನೀರು ಚೆನ್ನಾಗಿದೆ ಅಂತ ತಾನೇ?"

"ಹೂಂ" ಅಂದರು ದೋನ್ ಚೆಂಚೋ. "ಹಂಗೇ ತಾನೇ."

ಹಣ್ಣು ಪ್ಯಾಕ್ ಮಾಡುವ ಶೆಡ್ಡಿನವರು ಅದೇ ದಿನ ಹೇಳಿಬಿಟ್ಟರು, ಆ ಎಂಟು ಎಕರೆಯ ಒಂದು ಹಣ್ಣೂ ಒಳಗೆ ಬರಕೂಡದು. ಮಣ್ಣು ಪರೀಕ್ಷೆಯವರು ಒಂದೂವರೆ ಅಡಿ ಮೇಲ್ಮಣ್ಣು ಕೆರೆದು ತೆಗೆಯಬೇಕು ಅಂದರು. ಕಿತ್ತಳೆಯ ಬೇರು ಇರುವುದೇ ಆ ಒಂದೂವರೆ ಅಡಿಯಲ್ಲಿ. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಒತಿಲಿಯಾಗೆ ಹೇಳಬೇಕಾಗಿಯೂ ಇರಲಿಲ್ಲ.

ತಪ್ಪು ಯಾರದು, ನಷ್ಟ ಯಾರು ತುಂಬಬೇಕು ಅಂತ ಗುರುವಾರ ವಿಚಾರಣೆ. ಒತಿಲಿಯಾ ಅಲ್ಲಿ ಎದ್ದು ನಿಂತು ಇವರ ಮೂಗಿನ ಮೇಲೆ ಆಣೆ ಇಡುವವರಿದ್ದರು. ನನ್ನ ಕೊಂಪಾದ್ರೆ ಮೂಸಿ ಬಿಟ್ಟ ನೀರು, ಅದು ಶುದ್ಧವೇ ಇತ್ತು, ಕಂಪನಿ ಆಮೇಲೆ ಬಿಟ್ಟಿದೆ ಅಂತ. ಬುಧವಾರ ಸಂಜೆ ದೋನ್ ಚೆಂಚೋ ನನ್ನನ್ನು ಕರೆದುಕೊಂಡು ಒತಿಲಿಯಾ ಮನೆಗೆ ಹೋದರು. ದಾರಿಯಲ್ಲಿ ಒಂದೇ ಮಾತು: "ಅವಳನ್ನ ಸುಳ್ಳಿ ಮಾಡೋಕಾಗಲ್ಲ ಮಗಳೇ."

ಅಡುಗೆಮನೆಯ ಮೇಜಿನ ಮೇಲೆ ಒಂದು ಬುಟ್ಟಿ ಕಿತ್ತಳೆ ಇತ್ತು. ಒತಿಲಿಯಾ ಒಂದನ್ನು ತೆಗೆದು, ಸುಲಿದು, ಇವರ ಮುಂದೆ ಹಿಡಿದರು.

"ನೋಡಿ ಕೊಂಪಾದ್ರೆ, ಮೇಲಿನ ಕೊಂಬೇದು ಇದು. ಎಣ್ಣೆ ತಾಗೇ ಇಲ್ಲ. ನೀವು ಮೂಸಿ ಹೇಳಿ ಸಾಕು, ನಾಳೆ ಇದನ್ನೇ ತಗೊಂಡ್ಹೋಗಿ ಅವರ ಮೂತಿಗೆ ಹಿಡೀತೀನಿ. ವಾಸನೆ ಇದೆಯಾ ಇದರಲ್ಲಿ?"

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನನಗೆ ಗೊತ್ತಾಗಲ್ಲ ಕೊಮಾದ್ರೆ."

"ಏನು ಗೊತ್ತಾಗಲ್ಲ?"

"ವಾಸನೆ. ಯಾವುದೂ."

"ತಮಾಷೆ ಮಾಡ್ಬೇಡಿ ಈಗ."

ಅವರು ತಲೆ ಎತ್ತಲಿಲ್ಲ. ಒತಿಲಿಯಾ ಹಣ್ಣು ಹಿಡಿದ ಕೈ ಹಾಗೇ ಇತ್ತು. "ಯಾವಾಗಿಂದ?"

"ಅಂಪಾರೊ ಹೋದಾಗಿಂದ."

"ಒಂದು ವರ್ಷ." ಆಮೇಲೆ ನನ್ನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಕೂತರು. ಮೇಜಿನ ಮೇಲೆ ಬಿದ್ದಿದ್ದ ಸಿಪ್ಪೆಯ ಚೂರುಗಳನ್ನು ಒಂದೊಂದಾಗಿ ಎತ್ತಿ ಅಂಗೈಯಲ್ಲಿ ಸೇರಿಸಿದರು.

"ಒಂದು ಮಾತು ಹೇಳಿದ್ರೆ ನಾನೇ ಬರ್ತಿದ್ದೆ" ಅಂದರು. "ತೂಬಿನ ಹತ್ರ ನಾನೇ ಮಂಡಿ ಊರಿ ಮೂಸ್ತಿದ್ದೆ. ನನ್ನ ಮನೆಯಿಂದ ಇನ್ನೂರು ಹೆಜ್ಜೆ ಇದೆ ಆ ತೂಬು. ನನಗೆ ಮೂಗಿಲ್ವಾ?"

ದೋನ್ ಚೆಂಚೋ ಅಳುತ್ತಿದ್ದರು.

ಒತಿಲಿಯಾ ಎದ್ದು ಸಿಪ್ಪೆಯನ್ನು ಕಸದ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡರು. ನಮ್ಮ ಕಡೆ ಬೆನ್ನು ಮಾಡಿಯೇ ಹೇಳಿದರು, "ಯಾದಿರಾ, ಬಾರ್ರಗಾನ್ ಅವರಿಗೆ ಸ್ವಲ್ಪ ಬಾಗಿಲು ತೆಗಿಯಮ್ಮ."

ಕೊಂಪಾದ್ರೆ ಅನ್ನಲಿಲ್ಲ. ಬೈದಿದ್ದರೆ ದೋನ್ ಚೆಂಚೋ ತಡೆದುಕೊಳ್ಳುತ್ತಿದ್ದರು. ಹೊಡೆದಿದ್ದರೂ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡರು.

ಗುರುವಾರ ದೋನ್ ಚೆಂಚೋ ಎಲ್ಲವನ್ನೂ ಹೇಳಿದರು. ಜ್ವರ, ಮೂಗು, ತಟ್ಟೆ, ಹಬೆ. ಇದು ನಿಮ್ಮ ಆಫೀಸಿನಲ್ಲಿ ಬೇರೆ ಯಾರಿಗಾದರೂ ಗೊತ್ತಿತ್ತೇ ಅಂತ ವಿಚಾರಣೆಯವರು ಕೇಳಿದರು. "ಯಾರಿಗೂ ಇಲ್ಲ" ಅಂದರು. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಒತಿಲಿಯಾ ನನ್ನ ಹಿಂದೆಯೇ ಇದ್ದರು, ಅವರೂ ಏನೂ ಹೇಳಲಿಲ್ಲ. ನಾನೂ ಎದ್ದು ನಿಲ್ಲಲಿಲ್ಲ. ಅವರು ಬೀಗದ ಕೈಗಳ ಗೊಂಚಲನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟಾಗ ಆದ ಸದ್ದು ಇನ್ನೂ ಕಿವಿಯಲ್ಲಿದೆ. ನೀರುಗಂಟಿಯೇ ತಪ್ಪೊಪ್ಪಿಕೊಂಡ ಮೇಲೆ ಕಂಪನಿಯ ವಕೀಲರಿಗೆ ಅರ್ಧ ಕೆಲಸ ಮುಗಿದಿತ್ತು. ಮುಂದಿನ ವಾರ ಹೊಸ ಮೀಟರ್ ಬಂತು. ಎರಡು ಗಂಟೆಯಲ್ಲಿ ಕೂರಿಸಿ ಹೋದರು.

ಒತಿಲಿಯಾ ತೋಟ ಕೀಳಲು ಯಂತ್ರ ಬರುವಷ್ಟರಲ್ಲಿ ಏಪ್ರಿಲ್ ಬಂದಿತ್ತು. ಬುಡದಲ್ಲಿ ಆ ಕರೀ ಉಂಗುರ ಇಟ್ಟುಕೊಂಡೇ ಮರಗಳು ಹೂ ಬಿಟ್ಟಿದ್ದವು. ಅವುಗಳಿಗೆ ಯಾರೂ ಹೇಳಿರಲಿಲ್ಲವಲ್ಲ.

ನಾನು ಹೋದಾಗ ಹಳೇ ಪಿಕಪ್ ರಸ್ತೆಯ ಆಚೆ ನಿಂತಿತ್ತು. ದೋನ್ ಚೆಂಚೋ ತೋಟದ ಬೇಲಿಯ ಹತ್ತಿರ ಹೋಗದೆ ಅದರ ಪಕ್ಕದಲ್ಲೇ ನಿಂತಿದ್ದರು. ಸೊಂಟ ಬೋಳು. ಒತಿಲಿಯಾ ಮನೆಯ ಮೆಟ್ಟಿಲ ಮೇಲೆ ಕೂತು ಯಂತ್ರವನ್ನು ನೋಡುತ್ತಿದ್ದರು. ನಮ್ಮನ್ನು ನೋಡಿದ್ದರು, ಮತ್ತೆ ನೋಡಲಿಲ್ಲ. ಯಂತ್ರ ಒಂದೊಂದೇ ಮರವನ್ನು ಬುಡಸಮೇತ ಕಿತ್ತು ಇನ್ನೊಂದು ಯಂತ್ರದ ಬಾಯಿಗೆ ಕೊಡುತ್ತಿತ್ತು, ಅದು ಕೊಂಬೆ ಎಲೆ ಹೂವು ಎಲ್ಲ ಅರೆದು ಉಗುಳುತ್ತಿತ್ತು. ಅಷ್ಟೊಂದು ಪರಿಮಳ ನಾನು ಯಾವತ್ತೂ ಕಂಡಿರಲಿಲ್ಲ. ತಲೆನೋವು ಬರುವಷ್ಟು.

"ಬಂತಾ?" ಅಂತ ಕೇಳಿದರು.

"ಬಂತು."

"ಹೇಳು."

"ಬೇಡ ದೋನ್ ಚೆಂಚೋ, ಮನೆಗೆ ಹೋಗೋಣ."

"ಪ್ರತಿ ಬೆಳಿಗ್ಗೆ ಹೇಳ್ತಿದ್ದೆಯಲ್ಲ. ಹಂಗೇ ಹೇಳು."

ಹೇಳಿದೆ. ಮೊದಲು ಹೂವಿನದು, ಆಮೇಲೆ ಹಸಿ ಕಟ್ಟಿಗೆಯದು, ಆಮೇಲೆ ಬೇರು ಮೇಲೆ ಬಂದಾಗೆಲ್ಲ ಅದರ ಜೊತೆ ಎದ್ದು ಬರುತ್ತಿದ್ದ ಎಣ್ಣೆಯದು. ಎಣ್ಣೆಯ ಮಾತು ಬಂದಾಗ ನಿಲ್ಲಿಸಿದೆ. "ಅದನ್ನೂ ಹೇಳು" ಅಂದರು. ಸಂಜೆ ಯಂತ್ರ ನಿಲ್ಲುವವರೆಗೆ ನಾನು ಹೇಳುತ್ತಿದ್ದೆ, ಅವರು ಟೋಪಿ ಕೈಯಲ್ಲಿ ಹಿಡಿದು ಕೇಳುತ್ತಿದ್ದರು.